ದೊಡ್ಡಮ್ಮನ ಕುಕ್ಕರ್

ಸೊಸೆ ಹೊಸ ಕುಕ್ಕರ್ ತಂದಳು. ಮಾವ ಅದನ್ನು ಅಂಗಡಿಗೆ ವಾಪಸ್ ಕೊಟ್ಟು ಬಾ ಎಂದರು. ಆ ಮನೆಯ ಜಗಳ ಶುರುವಾದದ್ದು ಇಷ್ಟರಿಂದಲೇ. ಕೇಳಿದವರಿಗೆ ನಗು ಬಂದರೆ ನಗಲಿ, ತಪ್ಪೇನಿಲ್ಲ.

"ಈ ಮನೆಗೆ ಕುಕ್ಕರ್ ಬೇಡ," ಎಂದರು ಮಾವ, ಬೀದಿಗೆಲ್ಲ ಲೀಡರ್, ಊಟದ ತಟ್ಟೆಯ ಮುಂದೆ ಕೂತು.

"ಯಾಕೆ ಮಾವ?"

"ಬೇಡ ಅಂದ್ರೆ ಬೇಡ."

"ಕಾಳು ಬೇಯೋಕೆ ಅರ್ಧ ದಿನ ಹಿಡಿಯುತ್ತೆ. ಅತ್ತೆಗೆ ಒಲೆ ಮುಂದೆ ನಿಂತೂ ನಿಂತೂ ಮಂಡಿ ಹಿಡ್ಕೊಂಡಿದೆ."

"ನಿಮ್ಮತ್ತೆ ಬಂದು ನಿನ್ನ ಹತ್ರ ಹೇಳಿದ್ಲಾ, ಮಂಡಿ ಹಿಡ್ಕೊಂಡಿದೆ ಅಂತ?"

ಸೊಸೆ ಅತ್ತೆಯ ಮುಖ ನೋಡಿದಳು. ಮಾವನೂ ಅದೇ ಮುಖ ನೋಡಿದರು. ದೊಡ್ಡಮ್ಮ ಅನ್ನದ ಪಾತ್ರೆಯೊಳಗೆ ಕಣ್ಣಿಟ್ಟು, "ನಿಮ್ಮಿಬ್ಬರ ಜಗಳಕ್ಕೆ ನನ್ನ ಮಂಡಿ ಎಳೀಬೇಡಿ," ಎಂದಳು. ಮಗ ತಟ್ಟೆ ಮುಂದೆ ತಳ್ಳಿ, "ಇನ್ನೊಂಚೂರು ಅನ್ನ ಹಾಕಮ್ಮ," ಎಂದ. ಅವನ ಪಾಲಿನ ಮಾತು ಅಷ್ಟೇ. ಬಡಗಿ ಕೆಲಸದ ಹುಡುಗ, ಮರದ ಜೊತೆ ಮಾತಾಡಿದಷ್ಟು ಮನುಷ್ಯರ ಜೊತೆ ಮಾತಾಡಿದವನಲ್ಲ.

ದೊಡ್ಡಮ್ಮ ಎಂದರೆ ಆ ಮನೆಗಷ್ಟೇ ಅಲ್ಲ, ಇಡೀ ಮೇಲಿನ ಬೀದಿಗೇ ದೊಡ್ಡಮ್ಮ. ಗಂಡ ಮೊದಲು ಬರೀ ಬಡಗಿ. ಊರಿಗೆ ಹೊಡೆದಾಟ ಬಂದಾಗ ಬೀದಿಯ ಕಾವಲಿಗೆ ಒಬ್ಬರು ಬೇಕಿತ್ತು, ಅವರು ಮುಂದೆ ನಿಂತರು, ಲೀಡರ್ ಆದರು. ಹೊಡೆದಾಟ ನಿಂತಿತು, ದೊಡ್ಡವರು ದೊಡ್ಡ ಮೇಜಿನ ಮುಂದೆ ಕೂತು ಒಪ್ಪಂದಕ್ಕೆ ಸಹಿ ಹಾಕಿದರು. ಬಡಗಿ ಮಾತ್ರ ಲೀಡರ್ ಆಗಿಯೇ ಉಳಿದರು. ಉಳಿ ಸುತ್ತಿಗೆ ಮಗನ ಕೈಗೆ ಹೋಯಿತು.

ಮೇಲಿನ ಬೀದಿ, ಕೆಳಗಿನ ಬೀದಿ ಎಂದರೂ ಅದು ಒಂದೇ ನೆಟ್ಟನೆಯ ರಸ್ತೆ. ಎರಡೂ ಕಡೆಯವರ ದೇವರು ಒಬ್ಬನೇ, ಪ್ರಾರ್ಥನೆಯ ರೀತಿ ಬೇರೆ. ಅದೊಂದು ಸಾಕಾಯಿತು ನೋಡಿ. ರಸ್ತೆಯ ನಟ್ಟನಡುವೆ ಹಳೇ ಮಂಚ, ಬಾಗಿಲು, ಡ್ರಮ್ಮು, ಮರಳಿನ ಚೀಲ ಪೇರಿಸಿ ಎರಡು ಕಡೆಯವರೂ ಸೇರಿ, ಅಂದರೆ ಬೈದಾಡಿಕೊಂಡೇ ಸೇರಿ, ಒಂದು ಅಡ್ಡಗೋಡೆ ಕಟ್ಟಿದರು. ಸಾಲದ್ದಕ್ಕೆ, ಕೆಳಗಿನ ಬೀದಿಯವರು ಅದರ ಬುಡದಲ್ಲಿ ಬಾಂಬು ಹೂತಿದ್ದಾರೆ ಎಂದು ಸುದ್ದಿ ಬಂತು. ಸುಮ್ಮನಿರುವುದಕ್ಕಾಗುತ್ತದೆಯೇ? ಮಾರನೆಯ ದಿನವೇ ಲೀಡರ್ ಕೂಡ ಎಲ್ಲರೂ ನೋಡುವಂತೆ, ಯಾರೂ ಹತ್ತಿರ ಬಾರದಂತೆ, ಬಟ್ಟೆ ಮುಚ್ಚಿದ ಏನನ್ನೋ ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ಹೆಜ್ಜೆ ಇಟ್ಟು ಹೋಗಿ ಈ ಕಡೆ ಬುಡದಲ್ಲಿ ಹೂತರು. ಅಲ್ಲಿಂದ ಅದಕ್ಕೆ 'ಆ ಸಾಮಾನು' ಎಂದೇ ಹೆಸರು. ಎರಡು ಕಡೆಯೂ ಕೆಂಪು ಬಟ್ಟೆ ಕಟ್ಟಿದರು. ಅಂದಿನಿಂದ ಒಂದು ಬೆಕ್ಕು ದಾಟಿದರೂ ಜನ ಉಸಿರು ಬಿಗಿಹಿಡಿಯುತ್ತಿದ್ದರು.

ಆ ಸಾಮಾನು ಏನು ಅಂದಿರಾ? ದೊಡ್ಡಮ್ಮನ ಕುಕ್ಕರ್. ಒಳಗೆ ಬಡಗಿ ಅಂಗಡಿಯ ಮೊಳೆ, ಒಂದಿಷ್ಟು ಮರಳು, ಮೇಲೆ ಸುತ್ತಿದ ತಂತಿ.

ಈ ಗುಟ್ಟು ಗೊತ್ತಿದ್ದದ್ದು ಇಬ್ಬರಿಗೆ, ಗಂಡನಿಗೆ ಮತ್ತು ಹೆಂಡತಿಗೆ. ಹೊಸ ಕುಕ್ಕರ್ ಬಂದರೆ ಅಕ್ಕಪಕ್ಕದ ಹೆಂಗಸರು ಹಳೆಯದು ಎಲ್ಲಿ ಹೋಯಿತು ಅಂತ ಕೇಳುತ್ತಾರೆ, ಅದು ಲೀಡರ್ ಭಯ. ಅದಕ್ಕೇ ದೊಡ್ಡಮ್ಮ ಬಾಯಿಗೆ ಬೀಗ ಹಾಕಿಕೊಂಡು, "ನನಗೆ ಕುಕ್ಕರ್ ಅನ್ನ ಸೇರಲ್ಲ" ಎಂದು ಊರಿಗೆಲ್ಲ ಹೇಳಿಕೊಂಡು, ಪಾತ್ರೆಯಲ್ಲೇ ಕಾಳು ಕುದಿಸುತ್ತ ಬಂದಿದ್ದಳು.

ಸೊಸೆಗೆ ಕೆಳಗಿನ ಬೀದಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಮಹಡಿ ಮೇಲೆ ಬಟ್ಟೆ ಒಣಗಿಸುವಾಗ ಆ ಆಸ್ಪತ್ರೆಯ ಕಿಟಕಿ ಕಾಣುತ್ತದೆ. ಹೋಗಬೇಕಾದರೆ ಮಾತ್ರ ಎರಡು ಬಸ್ಸು ಬದಲಾಯಿಸಿ ಊರೆಲ್ಲ ಸುತ್ತಬೇಕು. ಆ ತಿಂಗಳು ಮೇಲಿನ ಬೀದಿಯ ಹೆಂಗಸೊಬ್ಬಳು ಹೆರಿಗೆಗೆ ಹೊರಟು, ಆ ಸುತ್ತುದಾರಿಯಲ್ಲಿ ಬಸ್ಸಿನೊಳಗೇ ಹೆತ್ತಳು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಸೊಸೆ ಆ ಸಂಜೆ ಮನೆಗೆ ಬಂದವಳು ಕೈತೊಳೆಯುತ್ತ ನಲ್ಲಿಯ ಮುಂದೆಯೇ ನಿಂತುಬಿಟ್ಟಳು. ಆ ಹೊತ್ತಿಗೆ ನಗರಸಭೆಗೆ ಗಲಾಟೆಯ ನಂತರದ ಮೊದಲ ಚುನಾವಣೆ ಘೋಷಣೆಯಾಗಿತ್ತು. ಈ ಸಲ ಎರಡು ಬೀದಿಗೂ ಸೇರಿ ಒಂದೇ ವಾರ್ಡು. ಲೀಡರ್ ನಿಲ್ಲುತ್ತಾರೆಂದು ಎಲ್ಲರಿಗೂ ಗೊತ್ತಿತ್ತು, ಅವರೆದುರು ಯಾರೂ ನಿಲ್ಲುವುದಿಲ್ಲವೆಂದೂ ಗೊತ್ತಿತ್ತು.

"ನಾನು ನಿಲ್ತೀನಿ," ಎಂದಳು ಸೊಸೆ, ಮರುದಿನ ಚಹಾ ಕುಡಿಯುವಾಗ.

"ಎಲ್ಲಿ?" ಎಂದರು ಲೀಡರ್.

"ನಿಮ್ಮೆದುರಿಗೆ, ಮಾವ."

ಲೀಡರ್ ಲೋಟ ಕೆಳಗಿಟ್ಟರು. ಮಗ ತನ್ನ ಲೋಟ ಎತ್ತಿಕೊಂಡು ಮೆಲ್ಲಗೆ ಅಂಗಡಿಯ ಕಡೆ ಜಾರಿಕೊಂಡ.

"ಏನಂತ ಓಟು ಕೇಳ್ತೀಯ?"

"ರಸ್ತೆಗೆ ಅಡ್ಡ ಇರೋದನ್ನ ತೆಗೆಸ್ತೀನಿ ಅಂತ."

"ಅಲ್ಲಿ ಏನಿದೆ ಗೊತ್ತಾ ನಿನಗೆ?"

"ಗೊತ್ತು. ನೀವಿಟ್ಟಿದ್ದು ಒಂದಿದೆ, ಅವರಿಟ್ಟಿದ್ದು ಒಂದಿದೆ. ಇಟ್ಟವರೇ ತೆಗೀಲಿ ಅಂತ ಕೇಳ್ತೀನಿ."

ದೊಡ್ಡಮ್ಮ ಸಕ್ಕರೆ ಡಬ್ಬಿ ಎಲ್ಲಿಟ್ಟೆ ಎಂದು ಹುಡುಕುವ ನೆಪದಲ್ಲಿ ಅಡುಗೆಮನೆಗೆ ಹೋಗಿಬಿಟ್ಟಳು. ಡಬ್ಬಿ ಅವಳ ಕೈಯಲ್ಲೇ ಇತ್ತು.

ಆಮೇಲಿನ ವಾರಗಳಲ್ಲಿ ಆ ಮನೆ ನೋಡಬೇಕಿತ್ತು. ಮುಂದಿನ ಕೋಣೆಯಲ್ಲಿ ಲೀಡರ್ ಕಡೆಯವರು, ಹಿತ್ತಿಲಲ್ಲಿ ಸೊಸೆಯ ಕಡೆಯವರು, ನಡುವೆ ಒಂದೇ ಒಲೆ, ಒಬ್ಬಳೇ ದೊಡ್ಡಮ್ಮ. ಚಹಾ ಸೋಸಿ ಸೋಸಿ ಅವಳ ಕೈ ಸೋತಿತು. ಮುಂದಿನವರಿಗೆ ಕೊಟ್ಟ ಬಿಸ್ಕೆಟ್ಟು ಹಿಂದಿನವರಿಗೆ ಕೊಟ್ಟದ್ದಕ್ಕಿಂತ ದೊಡ್ಡದು ಎಂಬ ಮಾತೂ ಬಂತು. ಕೊನೆಗೆ ಅವಳೇ ಹೊರಗೆ ಬಂದು, "ಚುನಾವಣೆ ಬೀದೀಲಿ ಮಾಡ್ಕೊಳ್ಳಿ. ಈ ಮನೇಲಿ ಕುಡಿದವರು ಅವರವರ ಲೋಟ ತೊಳೆದಿಡಿ, ಯಾವ ಪಕ್ಷದವರಾದರೂ ಸರಿ," ಎಂದು ಗದರಿಸಿದಳು. ಅಂದಿನಿಂದ ದೊಡ್ಡ ಮೀಸೆಯವರೂ ಸಾಲಾಗಿ ನಿಂತು ಲೋಟ ತೊಳೆದರು.

ಊಟಕ್ಕೆ ಕೂತರೆ ಮಾವ ಸೊಸೆ ಎದುರುಬದುರು.

"ಉಪ್ಪು ಕೊಡು ಅಂತ ನಿನ್ನ ಸೊಸೆಗೆ ಹೇಳು," ಎನ್ನುವರು ಲೀಡರ್.

"ಉಪ್ಪು ಅವರ ಕೈಗೇ ಸಿಗುತ್ತೆ ಅಂತ ಮಾವನಿಗೆ ಹೇಳಿ ಅತ್ತೆ," ಎನ್ನುವಳು ಸೊಸೆ.

ಕೊಡುವವನು ಮಗ. ಆಗಲೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಬಾಂಬು ತೆಗೆಯುವ ತಂಡಕ್ಕಾಗಿ ಸೊಸೆ ಕಚೇರಿ ಕಚೇರಿ ಅಲೆದಳು. ದೊಡ್ಡ ಊರುಗಳ ಕೆಲಸವೇ ಮುಗಿದಿಲ್ಲ, ನಿಮ್ಮ ಸರದಿ ಬರುವವರೆಗೆ ಕಾಯಿರಿ ಎಂದರು. ಕಾದೂ ಕಾದೂ ಅವಳ ತಾಳ್ಮೆ ಹೋಯಿತು. ಒಂದು ಸಂಜೆ ಮಾರುಕಟ್ಟೆಯಲ್ಲಿ ತುಂಬಿದ ಜನರ ಮುಂದೆ, ಬರುವ ಭಾನುವಾರ ನಾನೇ ಸಲಾಕೆ ಹಿಡಿದು ಅಡ್ಡಗೋಡೆ ತೆಗೆಯುತ್ತೇನೆ ಎಂದುಬಿಟ್ಟಳು. ಜನ ಚಪ್ಪಾಳೆ ಹೊಡೆಯುವುದನ್ನೂ ಮರೆತರು.

ಅಂದು ಲೀಡರ್‌ಗೆ ಊಟ ಸೇರಲಿಲ್ಲ.

"ಹುಚ್ಚು ಹಿಡಿದಿದೆ ಅವಳಿಗೆ. ಹೋಗಬೇಡ ಅಂತ ಹೇಳೆ," ಎಂದರು ಹೆಂಡತಿಗೆ.

"ನೀವೇ ಹೇಳಿ. ಅಲ್ಲಿ ಇರೋದು ಕುಕ್ಕರ್ ಅಂತ ಹೇಳಿ."

"ನಮ್ಮದು ಕುಕ್ಕರ್. ಆ ಬೇಕರಿಯವನು ಇಟ್ಟಿರೋದು? ಅದು ನಿಜವಾದ್ದು ಕಣೆ. ಸೀಳಿ ಹೋಗ್ತಾಳೆ ಹುಡುಗಿ."

ಬೇಕರಿಯವನೆಂದರೆ ಕೆಳಗಿನ ಬೀದಿಯ ಲೀಡರ್. ದೊಡ್ಡಮ್ಮ ಇಷ್ಟು ವರ್ಷ ತಮ್ಮ ಸುಳ್ಳಿನದೇ ಚಿಂತೆ ಮಾಡಿದ್ದಳು, ಆಚೆಯವರ ನಿಜ ಅವಳ ತಲೆಗೇ ಬಂದಿರಲಿಲ್ಲ.

ಗುರುವಾರ ಸೊಸೆ ಎರಡು ಪಾಳಿ ಒಟ್ಟಿಗೆ ಮಾಡುವವಳಿದ್ದಳು. ಅವಳಿಗೆ ಊಟ ಕಟ್ಟಿಕೊಂಡು ದೊಡ್ಡಮ್ಮ ಎರಡು ಬಸ್ಸು ಹತ್ತಿಳಿದು ಆಸ್ಪತ್ರೆಗೆ ಹೋದಳು. ಹೆರಿಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ತನ್ನ ವಯಸ್ಸಿನ ಹೆಂಗಸೊಬ್ಬಳು ಕೂತು, ಅಳುವ ಹಸುಗೂಸನ್ನು ತೂಗುತ್ತಿದ್ದಳು. ಒಬ್ಬರನ್ನೊಬ್ಬರು ನೋಡಿದರು.

"ನೀವು ಮೇಲಿನ ಬೀದಿ ಲೀಡರ್ ಮನೆಯವರಲ್ವಾ?"

"ನೀವು ಬೇಕರಿ ಮನೆಯವರಲ್ವಾ?"

ಇಬ್ಬರೂ ಮುಖ ತಿರುಗಿಸಿ ಕೂತರು. ಮಗು ಅಳುತ್ತಲೇ ಇತ್ತು. ದೊಡ್ಡಮ್ಮ ಎಷ್ಟು ಹೊತ್ತು ತಡೆದಾಳು?

"ಹಸಿವು ಅದಕ್ಕೆ."

"ಈಗ ತಾನೇ ಕುಡೀತು."

"ಹಾಗಾದ್ರೆ ತೇಗು ಬಂದಿಲ್ಲ. ಇಲ್ಲಿ ಕೊಡಿ."

ಹೆಗಲಿಗೆ ಹಾಕಿ ನಾಲ್ಕು ಸಲ ತಟ್ಟಿದಳು. ಮಗು ದೊಡ್ಡವರ ಹಾಗೆ ತೇಗಿ ಸುಮ್ಮನಾಯಿತು. ಬೇಕರಿಯಮ್ಮ ನಕ್ಕಳು. ಸೊಸೆ ಇನ್ನೂ ಬಂದಿರಲಿಲ್ಲ. ದೊಡ್ಡಮ್ಮ ಡಬ್ಬಿ ಬಿಚ್ಚಿ, ನೀವೂ ಒಂದು ತುತ್ತು ತಿನ್ನಿ ಎಂದಳು.

"ಕಾಳು ಬೆಣ್ಣೆ ಥರ ಬೆಂದಿದೆ. ಯಾವ ಕುಕ್ಕರು?"

"ಕುಕ್ಕರ್ ಇಲ್ಲ ನಮ್ಮನೇಲಿ. ಗಲಾಟೆ ಟೈಮಲ್ಲಿ ಹೋಯ್ತು."

"ನಮ್ದೂ ಹಾಗೇ. ಬೇಕರಿಗೆ ಹಾಲು ತರೋ ದೊಡ್ಡ ಕ್ಯಾನು ಹೋಯ್ತು."

"ಕಳ್ಳರು ಬಂದ್ರಾ?"

"ಕಳ್ಳರೇನಲ್ಲ."

"ನಮ್ದನ್ನೂ ಕಳ್ಳರು ಒಯ್ಯಲಿಲ್ಲ."

"ಹೊಸದು ತರೋಕೆ ನಮ್ಮೆಜಮಾನರು ಬಿಡಲ್ಲ. ಈಗಲೂ ಬಕೆಟ್ಟಲ್ಲಿ ಹಾಲು ತರ್ತೀವಿ, ಅರ್ಧ ದಾರೀಲೇ ಚೆಲ್ಲಿರುತ್ತೆ. ಕೇಳಿದ್ರೆ ಸಿಟ್ಟು."

ದೊಡ್ಡಮ್ಮನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಬೇಕರಿಯಮ್ಮನೂ ಅಗಿಯುವುದನ್ನು ನಿಲ್ಲಿಸಿದ್ದಳು. ದೊಡ್ಡಮ್ಮ ಪಿಸುದನಿಯಲ್ಲಿ ಕೇಳಿದಳು: "ಒಳಗೇನು ತುಂಬಿದ್ರು?"

ಆ ಹೆಂಗಸು ಆಚೆ ಈಚೆ ನೋಡಿದಳು. "ಒಲೆ ಬೂದಿ. ನಿಮ್ಮದರಲ್ಲಿ?"

"ಮೊಳೆ, ಮರಳು."

ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಬಾಯಿಗೆ ಬಟ್ಟೆ ತುರುಕಿಕೊಂಡರೂ ತಡೆಯಲಾಗದೆ, ಒಬ್ಬರ ಹೆಗಲಿಗೆ ಒಬ್ಬರು ಒರಗಿ ಬಿದ್ದು ಬಿದ್ದು ನಕ್ಕರು. ಒಳಗಿಂದ ಸೊಸೆ ಓಡಿ ಬಂದು, "ಅತ್ತೆ, ಇದು ಆಸ್ಪತ್ರೆ," ಎಂದು ಗದರಿಸಿದಳು. ನಗು ಇಳಿದ ಮೇಲೆ ಬೇಕರಿಯಮ್ಮನ ಕಣ್ಣಲ್ಲಿ ನೀರಿತ್ತು. ಬಸ್ಸಿನಲ್ಲಿ ತೀರಿಹೋದ ಆ ಮಗುವಿನ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಸೊಸೆ ಒಳಗೆ ಹೋಗುವವರೆಗೆ ಕಾದು, ಇಬ್ಬರೂ ಭಾನುವಾರದ ಮಾತು ಮುಗಿಸಿಕೊಂಡು ಎದ್ದರು.

ಮನೆಗೆ ಬಂದವಳೇ ದೊಡ್ಡಮ್ಮ ಗಂಡನ ಮುಂದೆ ಕೂತಳು.

"ಅವರದ್ದೂ ಸುಳ್ಳು ರೀ. ಹಾಲಿನ ಕ್ಯಾನು, ಬೂದಿ."

ಲೀಡರ್ ಮುಖ ಬಿಳಿಚಿ, ಆಮೇಲೆ ಕೆಂಪಾಯಿತು. "ಅಂದ್ರೆ ಆ ಬೇಕರಿಯವನು ಇಷ್ಟು ವರ್ಷ ನನಗೆ ಮೋಸ ಮಾಡಿದ್ನಾ?"

"ನೀವು ಅವರಿಗೆ ಮಾಡಿದ್ದೇನು?"

ಅವರು ಎದ್ದು ನಿಂತು, "ಸರಿ ಬಿಡು, ಅಪಾಯ ಇಲ್ಲ ಅಂತಾಯ್ತಲ್ಲ. ಭಾನುವಾರ ಅವಳು ಹೋಗ್ಲಿ. ಚುನಾವಣೆ ಮುಗಿಯೋವರೆಗೆ ನೀನು ಸುಮ್ಮನಿರು," ಎಂದರು.

"ಅಪಾಯ ಇಲ್ಲ ಅಂತ ನಿಮಗೆ ಗೊತ್ತು, ನನಗೆ ಗೊತ್ತು. ಅವಳಿಗೆ ಗೊತ್ತಿಲ್ಲವಲ್ಲ. ಸಾಯೋಕೆ ತಯಾರಾಗಿ ಹೋಗ್ತಾಳೆ ಅವಳು. ಅಷ್ಟು ದೂರ ಅವಳನ್ನ ನಡೆಸಿ, ನಾವು ಕಿಟಕೀಲಿ ನಿಂತು ನೋಡೋದಾ?"

"ಹೇಳಿಬಿಟ್ರೆ ನನ್ನ ಮಾನ ಏನಾಗುತ್ತೆ? ಮೂರು ಕಾಸಿಗೆ ಹರಾಜಾಗುತ್ತೆ. ಕುಕ್ಕರ್ ಲೀಡರ್ ಅಂತಾರೆ."

ಗಂಡನನ್ನು ಬೀದಿಯಲ್ಲಿ ನಗೆಪಾಟಲು ಮಾಡುವುದು ದೊಡ್ಡಮ್ಮನಿಗೇನು ಸುಖವೇ? ಎದ್ದು ಹೋಗಿ ಪಾತ್ರೆ ತೊಳೆಯಲು ಕೂತಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ತುಂಬ ಸೋಪು.

ಲೀಡರ್ ಬಾಗಿಲಿಗೆ ಬಂದು ನಿಂತರು. "ಅವತ್ತು ನಿಜವಾದ್ದನ್ನೇ ಇಡಬಹುದಿತ್ತು," ಎಂದರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. "ಹೊರಗಿನವರು ತಂದಿದ್ದರು. ನಮ್ಮ ಅಂಗಡೀಲೇ ಒಂದು ಹಗಲು ಇಟ್ಟಿದ್ದರು. ಎಲ್ಲಾ ಬೀದೀಲೂ ಇಟ್ಟಿದ್ದಾರೆ, ನಿನಗೇನು ದಾಡಿ ಅಂದರು. ನನ್ನ ಕೈ ಬರಲಿಲ್ಲ. ಆಚೆ ಕಡೆ ಹುಡುಗರು ಚೆಂಡು ಆಡೋ ಸದ್ದು ಕೇಳ್ತಿತ್ತು. ವಾಪಸ್ ಕಳಿಸಿ, ಮನೆಗೆ ಬಂದು ನಿನ್ನ ಕುಕ್ಕರ್ ತಗೊಂಡು ಹೋದೆ. ನಿಜವಾದ್ದು ಬಂದಿತ್ತು ಅಂತ ನಿನಗೂ ಹೇಳಲಿಲ್ಲ, ಹೇಡಿ ಅಂದ್ಕೋತೀಯ ಅಂತ."

ದೊಡ್ಡಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಇಷ್ಟು ವರ್ಷ ಒಂದೇ ಚಾಪೆಯ ಮೇಲೆ ಮಲಗಿದ ಈ ಮನುಷ್ಯನನ್ನು ಹೊಸದಾಗಿ ನೋಡಿದಳು. ಭಾನುವಾರ ಏನು ಹೇಳಬೇಕೆಂಬುದು ಆಗ ಅವಳಿಗೆ ತಿಳಿಯಿತು, ಆದರೆ ಗಂಡನಿಗೆ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಅಡ್ಡಗೋಡೆಯ ಎರಡೂ ಕಡೆ ಜನವೋ ಜನ. ಎಲ್ಲರೂ ದೂರದಲ್ಲೇ, ಮನೆಗಳ ಗೋಡೆಗೆ ಬೆನ್ನು ಕೊಟ್ಟು ನಿಂತವರು. ಸೊಸೆ ಸಲಾಕೆ ಹಿಡಿದು ಬಂದಳು. ಮುಖದಲ್ಲಿ ರಕ್ತವಿರಲಿಲ್ಲ, ಹೆಜ್ಜೆ ಮಾತ್ರ ನೆಟ್ಟಗಿತ್ತು. ಪಕ್ಕದಲ್ಲಿ ಮಗ. "ನೀವು ಹಿಂದಿರಿ," ಎಂದಳು ಅವಳು. "ಇಲ್ಲ," ಎಂದ ಅವನು. ಆ ಚುನಾವಣೆಯಲ್ಲಿ ಅವನು ಆಡಿದ ಮೊದಲ ಮಾತು ಅದು.

ಅಷ್ಟರಲ್ಲಿ ದೊಡ್ಡಮ್ಮ ಹಿಂದಿನಿಂದ ಬಂದು ಸೊಸೆಯ ಕೈಯಿಂದ ಸಲಾಕೆ ಕಿತ್ತುಕೊಂಡಳು.

"ಅತ್ತೆ, ಏನಿದು? ಕೊಡಿ ಇಲ್ಲಿ."

"ಸುಮ್ಮನಿರು. ಇಟ್ಟವರೇ ತೆಗೀಲಿ ಅಂದ್ಯಲ್ಲ, ತೆಗೀತೀನಿ."

ತೋಳು ಮಡಚಿ, ನೋಯುವ ಮಂಡಿಯನ್ನು ಎಳೆದುಕೊಂಡು, ಕೆಂಪು ಬಟ್ಟೆ ದಾಟಿದಳು. ಜನ ಹೋ ಎಂದರು. ಕೆಲವರು ಕಣ್ಣು ಮುಚ್ಚಿದರು. ಆಚೆ ಕಡೆಯಿಂದಲೂ ಹಾಗೇ ಕೂಗು ಎದ್ದಿತು, ಬೇಕರಿಯಮ್ಮ ಮಾತಿಗೆ ತಪ್ಪಿರಲಿಲ್ಲ. ದೊಡ್ಡಮ್ಮ ಎರಡು ಚೀಲ ಉರುಳಿಸಿ, ಮಣ್ಣು ಕೆದಕಿ, ಬಗ್ಗಿ, ಎರಡು ಕೈಯಲ್ಲಿ ಎಳೆದಳು. ಮಣ್ಣು ಮೆತ್ತಿದ ಗುಂಡನೆಯ ವಸ್ತು ಹೊರಗೆ ಬಂತು. ತಂತಿ ಕಿತ್ತೆಸೆದು, ಮುಚ್ಚಳ ತಿರುಗಿಸಿ, ಎಲ್ಲರೆದುರು ಬೋರಲು ಹಾಕಿದಳು. ಮರಳು, ತುಕ್ಕು ಹಿಡಿದ ಮೊಳೆ ಸುರಿದವು.

ಪಕ್ಕದ ಮನೆಯಾಕೆ ನಿಧಾನವಾಗಿ ಕೇಳಿದಳು: "ದೊಡ್ಡಮ್ಮ, ಅದು ನಿಮ್ಮ ಕುಕ್ಕರ್ ಅಲ್ವಾ?"

"ನಂದೇ."

ಒಬ್ಬ ನಕ್ಕ. ಇನ್ನೊಬ್ಬ, "ಹಾಗಾದ್ರೆ ಲೀಡರ್ ಇಷ್ಟು ದಿನ ನಮ್ಮ ಕಿವಿಗೆ ಹೂವಿಟ್ರಾ?" ಎಂದು ದನಿ ಏರಿಸಿದ. ಮಹಡಿಯ ಮೇಲೆ ನಿಂತಿದ್ದ ಲೀಡರ್ ತಲೆ ಕೆಳಗೆ ಹಾಕಿದ್ದು ದೊಡ್ಡಮ್ಮನಿಗೆ ಕಂಡಿತು.

"ನಗೋರು ಆಮೇಲೆ ನಗಿ," ಎಂದಳು. ಅವಳ ದನಿ ಎರಡು ಬೀದಿಗೂ ಕೇಳಿಸಿತು. "ಬೇರೆ ಬೀದಿಗಳಲ್ಲಿ ನಿಜವಾದ್ದನ್ನೇ ಹೂತರು. ಅಲ್ಲಿ ಎಷ್ಟು ಮಕ್ಕಳಿಗೆ ಕಾಲಿಲ್ಲ, ಹೋಗಿ ನೋಡ್ಕೊಂಡು ಬನ್ನಿ. ನಮ್ಮನೆಯವರ ಕೈಗೂ ನಿಜವಾದ್ದನ್ನ ತಂದುಕೊಟ್ಟಿದ್ದರು. ಇವರು ವಾಪಸ್ ಕಳಿಸಿ ನನ್ನ ಕುಕ್ಕರ್ ಹೂತರು. ಆಚೆಯವರು ಹಾಲಿನ ಕ್ಯಾನು ಹೂತರು. ಇವರಿಬ್ಬರೂ ಸುಳ್ಳು ಹೇಳಿದ್ದಕ್ಕೆ ನಿಮ್ಮ ಮಕ್ಕಳ ಕೈಕಾಲು ಉಳಿದಿದೆ. ಆವತ್ತು ಆ ಸುಳ್ಳು ಬೇಕಿತ್ತು, ಇವತ್ತು ಬೇಡ. ಬಸ್ಸಲ್ಲಿ ಹುಟ್ಟಿದ ಮಗೂನ ಕೊಂದಿದ್ದು ಇದೇ ಸುಳ್ಳು. ಈಗ ಬೈಯೋರು ಬೈರಿ, ಕೈ ಹಾಕೋರು ಕೈ ಹಾಕಿ."

ಯಾರೂ ಬೈಯಲಿಲ್ಲ. ಜನ ಎರಡು ಭಾಗವಾಗಿ ದಾರಿ ಬಿಟ್ಟರು, ಲೀಡರ್ ನಡೆದು ಬಂದರು. ಹೆಂಡತಿಯ ಮುಖ ನೋಡದೆ ಮೊದಲ ಮಂಚಕ್ಕೆ ಕೈ ಹಾಕಿ ಎಳೆದರು. ಅದು ಅಲುಗಲಿಲ್ಲ. ಆಚೆಯಿಂದ ಇನ್ನಾರೋ ತಳ್ಳಿದರು, ಮಂಚ ಉರುಳಿ ಬಿತ್ತು. ಆ ಸಂದಿನಲ್ಲಿ ಬೇಕರಿಯವನ ಬಿಳಿ ಗಡ್ಡ ಕಾಣಿಸಿತು.

"ಹಾಲಿನ ಕ್ಯಾನಾ?" ಎಂದರು ಲೀಡರ್.

"ನಿಂದು ಇನ್ನೂ ಚಿಕ್ಕದಲ್ವೇನಯ್ಯಾ," ಎಂದ ಬೇಕರಿಯವನು.

ಆಮೇಲೆ ಕೇಳಬೇಕೇ? ಎರಡು ಬೀದಿಯೂ ಮೇಲೆ ಬಿದ್ದು ಎಳೆಯಿತು. ಮಧ್ಯಾಹ್ನಕ್ಕೆ ಮನುಷ್ಯರು ದಾಟಿದರು, ಸಂಜೆಗೆ ಕೈಗಾಡಿ ದಾಟಿತು. ಸೊಸೆ ಕೆಲಸದ ನಡುವೆ ಅತ್ತೆಯ ಹತ್ತಿರ ಬಂದು, "ಮೊದಲೇ ಹೇಳಬಾರದಿತ್ತಾ ಅತ್ತೆ? ಎರಡು ದಿನದಿಂದ ನಿದ್ದೆ ಇಲ್ಲ ನನಗೆ," ಎಂದು ಅತ್ತುಬಿಟ್ಟಳು. ದೊಡ್ಡಮ್ಮ ಮಣ್ಣುಗೈಯಲ್ಲೇ ಅವಳನ್ನು ಅಪ್ಪಿಕೊಂಡಳು.

ಮರುದಿನ ಲೀಡರ್ ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ಹಾಕಿ ಹೊರಟರು.

"ಎಲ್ಲಿಗೆ?"

"ಹೆಸರು ವಾಪಸ್ ತಗೊಂಡು ಬರ್ತೀನಿ. ಇನ್ನು ನನಗ್ಯಾರು ಓಟು ಹಾಕ್ತಾರೆ?"

"ಕೂತ್ಕೊಳ್ಳಿ," ಎಂದಳು ದೊಡ್ಡಮ್ಮ. "ಸೋಲೋದಿದ್ರೆ ನಿಂತು ಸೋಲಿ. ಓಡಿ ಹೋದರು ಅನ್ನಿಸ್ಕೋಬೇಡಿ. ಸೊಸೆಗೂ ಗೆದ್ದ ಹಾಗಿರಬೇಕಲ್ಲ."

ಅವರು ಕೂತರು. ಆ ದಿನ ಊಟಕ್ಕೆ ಕೂತಾಗ ಸೊಸೆ ಉಪ್ಪಿನ ಬಟ್ಟಲು ತೆಗೆದು ನೇರವಾಗಿ ಮಾವನ ಕೈಗೇ ಕೊಟ್ಟಳು.

ಮತದಾನಕ್ಕೆ ಮೇಲಿನ ಬೀದಿಯವರು ಆ ರಸ್ತೆಯಲ್ಲೇ ನಡೆದು ಕೆಳಗಿನ ಬೀದಿಯ ಶಾಲೆಗೆ ಹೋದರು. ಎಣಿಕೆಯೂ ಅಲ್ಲೇ. ಸೊಸೆ ಗೆಲ್ಲುವುದು ಮೊದಲ ಪೆಟ್ಟಿಗೆಯಲ್ಲೇ ಗೊತ್ತಾಯಿತು. ಎರಡು ಬೀದಿಯ ಹೆಂಗಸರೂ ಸೇರಿ ಅವಳನ್ನು ಎತ್ತಿಕೊಂಡು ಕುಣಿದರು. ಮಗ ಎಲ್ಲರಿಗಿಂತ ಜೋರಾಗಿ ಕೂಗಿ ಗಂಟಲು ಕಟ್ಟಿಸಿಕೊಂಡ. ಅಧಿಕಾರಿ ಮಾತ್ರ ತಮ್ಮ ಪಾಡಿಗೆ ಪೆಟ್ಟಿಗೆ ಪೆಟ್ಟಿಗೆ ಓದುತ್ತಲೇ ಇದ್ದರು. ಕೆಳಗಿನ ಬೀದಿಯ ಪೆಟ್ಟಿಗೆ ಬಂತು. ಸೊಸೆಯ ಹೆಸರಿನ ಹಿಂದೆಯೇ ಲೀಡರ್ ಹೆಸರು ಬಂತು, ಮತ್ತೆ ಬಂತು, ಮತ್ತೆ ಮತ್ತೆ ಬಂತು.

ಲೀಡರ್ ಹೆಂಡತಿಯ ತೋಳು ಹಿಡಿದರು. "ಕೇಳಿದ್ಯಾ? ಆ ಬೀದಿಯವರು ನನಗೂ ಹಾಕಿದ್ದಾರೆ ಕಣೆ. ನನಗೆ." ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು, ಅವರು ಒರೆಸಿಕೊಳ್ಳಲಿಲ್ಲ.

"ಕೇಳಿದೆ."

"ಸೋತೆ, ಆದ್ರೆ ನೋಡು ಹೇಗೆ ಸೋತೆ."

ಗೆದ್ದವಳನ್ನು ಹೊತ್ತ ಮೆರವಣಿಗೆ ಶಾಲೆಯಿಂದ ಹೊರಟು ಮನೆಯ ಕಡೆ ನೆಟ್ಟಗೆ ಏರಿತು. ಗಂಡ ಹೆಂಡತಿ ಜನರ ಹಿಂದೆ ಮೆಲ್ಲಗೆ ನಡೆದರು. ಬಾಗಿಲಲ್ಲಿ ನಿಂತವರೆಲ್ಲ ಇಬ್ಬರನ್ನೂ ಮಾತಾಡಿಸುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ಲೀಡರ್ ಕೇಳಿದರು:

"ನಿಜ ಹೇಳು. ನೀನು ಯಾರಿಗೆ ಹಾಕಿದೆ?"

"ಅವಳಿಗೆ. ಬೇಜಾರಾಯ್ತಾ?"

ಅವರು ನಾಲ್ಕು ಹೆಜ್ಜೆ ನಡೆದರು.

"ಇಲ್ಲ," ಎಂದರು. "ನಾನೂ ಅವಳಿಗೇ ಹಾಕಿದ್ದು."